ನಿಘಂಟಿನ ಎರಡು ಓರೆಗೆರೆಗಳ ನಡುವೆ

‘ಕಂಫರ್ಟಬಲ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆಯಲು 11 ಅಕ್ಷರ ಬೇಕು. ನಿಘಂಟಿನಲ್ಲಿ ಅದರ ಪಕ್ಕ, ಎರಡು ಓರೆಗೆರೆಗಳ ನಡುವೆ ಕೊಟ್ಟಿರುವ ಧ್ವನಿಚಿಹ್ನೆಗಳನ್ನು ಎಣಿಸಿದರೆ 8 ಮಾತ್ರ. ‘ಫರ್’ ಎಂಬ ಭಾಗ ಅಲ್ಲಿ ಇಲ್ಲವೇ ಇಲ್ಲ; ‘ಎಫ್’ ಮುಗಿದ ಕೂಡಲೇ ‘ಟಿ’ ಬರುತ್ತದೆ. ನಾವು ‘ಟೇಬಲ್’ ಎಂದು ಎಳೆಯುವ ಕಡೆ ತಲೆಕೆಳಗಾದ ಒಂದು ಸಣ್ಣ ಇಂಗ್ಲಿಷ್ ‘ಇ’ ಕೂತಿದೆ. ಎಲ್ಲಕ್ಕಿಂತ ಮೊದಲು, ಸಾಲಿನ ಎತ್ತರದಲ್ಲಿ, ಒಂದು ಪುಟ್ಟ ನಿಂತ ಗೆರೆ. ‘ಕಂ-ಫರ್-ಟೇ-ಬಲ್’ ಎಂದು ನಾಲ್ಕು ತುಂಡು ಮಾಡಿ ಹೇಳುತ್ತಿದ್ದ ಪದ ಮೂರೇ ತುಂಡಿನದು, ಅದರಲ್ಲೂ ಮೊದಲನೆಯದಷ್ಟೇ ಗಟ್ಟಿ ಎಂಬುದನ್ನು ಆ ಒಂದು ಸಾಲು ಹೇಳಿ ಮುಗಿಸಿರುತ್ತದೆ. ಅರ್ಥ ನೋಡುವ ಅವಸರದಲ್ಲಿ ಅದರ ಮೇಲೆ ಕಣ್ಣು ಹಾಯಿಸದೆ ದಾಟಿಬಿಡುತ್ತಿದ್ದೆ. ಅದನ್ನು ಓದಲು ಕಲಿತ ಕ್ರಮವನ್ನು, ದಾರಿಯಲ್ಲಿ ಎಡವುವ ಜಾಗಗಳನ್ನು ಇಲ್ಲಿ ಬರೆದಿದ್ದೇನೆ. ಚಿಹ್ನೆಗಳನ್ನು ಆಕಾರ ಹೇಳಿ ಗುರುತಿಸುತ್ತ ಹೋಗುತ್ತೇನೆ. ಧ್ವನಿಚಿಹ್ನೆ ಕೊಡುವ ಯಾವುದಾದರೂ ನಿಘಂಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದರೆ ಹೆಚ್ಚು ಪ್ರಯೋಜನ.

ಕನ್ನಡ ಬರಹ ಹೆಚ್ಚುಕಡಿಮೆ ಉಲಿದಂತೆ ನಡೆಯುತ್ತದೆ. ಹಾಗಾಗಿ ಇಂಗ್ಲಿಷ್ ಪದವೊಂದನ್ನು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಂಡರೆ ಉಚ್ಚಾರಣೆ ಕೈಗೆ ಸಿಕ್ಕಿತು ಅನ್ನಿಸುತ್ತದೆ. ಸಿಕ್ಕಿರುವುದಿಲ್ಲ. ಸಣ್ಣ ಮಂಚಕ್ಕೆ ಹೇಳುವ ‘ಕಾಟ್’, ‘ಹಿಡಿದ’ ಎಂಬರ್ಥದ ‘ಕಾಟ್’, ಬಂಡಿ ಎಂಬರ್ಥದ ‘ಕಾರ್ಟ್’ ಮೂರಕ್ಕೂ ನಾವು ಬರೆಯುವುದು ಒಂದೇ ‘ಕಾ’. ನಿಘಂಟು ಮೂರಕ್ಕೂ ಬೇರೆ ಬೇರೆ ಸ್ವರ ಕೊಡುತ್ತದೆ. ಎಲ್ಲಿ ಎರಡು-ಮೂರು ಇಂಗ್ಲಿಷ್ ದನಿಗಳನ್ನು ಒಂದೇ ಕನ್ನಡ ಅಕ್ಷರ ಮುಚ್ಚಿಹಾಕುತ್ತದೋ ಅಲ್ಲೇ ನಮ್ಮ ಬಹುಪಾಲು ತಪ್ಪುಗಳು ಇರುತ್ತವೆ. ಆದ್ದರಿಂದ ಚಿಹ್ನೆಗಳ ಪಟ್ಟಿಯನ್ನು ಆರಂಭದಿಂದ ಕೊನೆಯವರೆಗೆ ಉರುಹೊಡೆಯುವ ಬದಲು ಕನ್ನಡ ಅಕ್ಷರ ಎಲ್ಲಿ ಕೈಕೊಡುತ್ತದೆ ಎಂದು ನೋಡುತ್ತ ಹೋಗುವುದು ಸರಿಯಾದ ದಾರಿ.

ಈ ಚಿಹ್ನೆಗಳ ಹಿಂದಿರುವುದು 1886ರಲ್ಲಿ ಪ್ಯಾರಿಸ್ಸಿನಲ್ಲಿ ಭಾಷಾ ಶಿಕ್ಷಕರು ಕಟ್ಟಿಕೊಂಡ ಸಂಘ. ಅದೇ ಮುಂದೆ ಅಂತರರಾಷ್ಟ್ರೀಯ ಧ್ವನಿ ಸಂಘವಾಯಿತು. ಮೊದಲ ವರ್ಣಮಾಲೆ 1888ರಲ್ಲಿ ಬಂತು. ಅರ್ಥ ಬದಲಿಸಬಲ್ಲ ಪ್ರತಿ ದನಿಗೂ ಒಂದು ಬೇರೆ ಅಕ್ಷರ, ಒಂದು ಅಕ್ಷರಕ್ಕೆ ಒಂದೇ ದನಿ ಎಂಬುದು ಅದರ ತಳಹದಿ. ಚಿಹ್ನೆಗಳಲ್ಲಿ ಕೆಲವು ತಲೆಕೆಳಗಾಗಿ, ಕೆಲವು ಹಿಂದುಮುಂದಾಗಿ ಕಾಣುವುದಕ್ಕೆ ಸರಳ ಕಾರಣವಿದೆ: ಅಚ್ಚುಮೊಳೆಗಳ ಕಾಲದಲ್ಲಿ ಹೊಸ ಮೊಳೆ ಎರಕ ಹೊಯ್ಯುವುದಕ್ಕಿಂತ ಇದ್ದ ಮೊಳೆಯನ್ನೇ ತಿರುಗಿಸಿ ಜೋಡಿಸುವುದು ಸುಲಭವಾಗಿತ್ತು. ತಿರುಗಿಸಿದ ‘ಇ’, ತಿರುಗಿಸಿದ ‘ವಿ’, ತಿರುಗಿಸಿದ ‘ಸಿ’ ಹುಟ್ಟಿದ್ದು ಹೀಗೆ. ಇದನ್ನು ತಿಳಿದ ಮೇಲೆ ಚಿಹ್ನೆಗಳು ಅಷ್ಟೊಂದು ಅಪರಿಚಿತ ಎನಿಸುವುದಿಲ್ಲ.

ಮೊದಲು ಒಂದೇ ನಿಘಂಟು ಆರಿಸಿಕೊಳ್ಳಬೇಕು, ಕಲಿಕೆ ಮುಗಿಯುವವರೆಗೆ ಬದಲಿಸಬಾರದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನವರು ಭಾಷೆ ಕಲಿಯುವವರಿಗಾಗಿ ಮಾಡಿರುವ ಆನ್‌ಲೈನ್ ನಿಘಂಟುಗಳು ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆಗಳನ್ನು ಚಿಹ್ನೆ ಮತ್ತು ಧ್ವನಿಮುದ್ರಣದೊಂದಿಗೆ ಕೊಡುತ್ತವೆ. ಮೆರಿಯಂ-ವೆಬ್‌ಸ್ಟರ್ ತನ್ನದೇ ಬೇರೆ ಪದ್ಧತಿ ಬಳಸುತ್ತದೆ. ಅಕ್ಷರಗಳ ಮೇಲೆ ಅಡ್ಡಗೆರೆ ಎಳೆಯುತ್ತದೆ, ತಲೆಕೆಳಗಾದ ‘ಇ’ಯನ್ನು ಒತ್ತುಳ್ಳ, ಅಂದರೆ ಗಟ್ಟಿಯಾಗಿ ಹೇಳುವ, ಕಡೆಯೂ ಹಾಕುತ್ತದೆ. ಅದು ತಪ್ಪಲ್ಲ, ಬೇರೆ ಲೆಕ್ಕ. ಎರಡನ್ನೂ ಒಟ್ಟಿಗೆ ನೋಡುತ್ತ ಕಲಿಯಹೊರಟರೆ ಎರಡೂ ಕಲಸಿಹೋಗುತ್ತವೆ. ಇಲ್ಲಿ ನಾನು ಹೇಳುವುದು ಬ್ರಿಟಿಷ್ ಮಾದರಿಯ 44 ದನಿಗಳ ಲೆಕ್ಕ: 24 ವ್ಯಂಜನ, 12 ಒಂಟಿಸ್ವರ, 8 ಜೋಡಿಸ್ವರ.

24 ವ್ಯಂಜನಗಳಲ್ಲಿ 16ಕ್ಕೆ ಶ್ರಮವೇ ಇಲ್ಲ. ಪಿ, ಬಿ, ಟಿ, ಡಿ, ಕೆ, ಜಿ, ಎಫ್, ವಿ, ಎಸ್, ಝಡ್, ಎಚ್, ಎಂ, ಎನ್, ಎಲ್, ಆರ್, ಡಬ್ಲ್ಯೂ ಇವು ತಮ್ಮ ಎಂದಿನ ಆಕಾರದಲ್ಲೇ ಇರುತ್ತವೆ. ಗಮನಿಸಬೇಕಾದ್ದು ಇಷ್ಟು: ‘ಜಿ’ ಎಂದರೆ ಯಾವಾಗಲೂ ‘ಗ’, ಎಂದೂ ‘ಜ’ ಅಲ್ಲ. ‘ಎಸ್’ ಎಂದರೆ ಯಾವಾಗಲೂ ‘ಸ’. ಸಿ, ಕ್ಯೂ, ವೈ ಎಂಬ ಅಕ್ಷರಗಳು ಪಟ್ಟಿಯಲ್ಲೇ ಇಲ್ಲ. ಕ್ಯೂ ಇರುವಲ್ಲಿ ಕೆ ಮತ್ತು ಡಬ್ಲ್ಯೂ ಕಾಣುತ್ತವೆ. ‘ಬಾಕ್ಸ್’ ಪದದ ಎಕ್ಸ್, ಕೆ ಮತ್ತು ಎಸ್ ಆಗುತ್ತದೆ. ‘ಎಕ್ಸಾಮ್’ ಎಂದು ನಾವು ಬರೆಯುವ ಪದದ ಎಕ್ಸ್, ಜಿ ಮತ್ತು ಝಡ್ ಆಗಿ ‘ಇಗ್‌ಜ಼ಾಮ್’ ಎಂಬಂತೆ ಕೇಳುತ್ತದೆ.

ಮೋಸ ಮಾಡುವ ಚಿಹ್ನೆ ಒಂದಿದೆ, ‘ಜೆ’. ಅದರ ದನಿ ‘ಯ’. ‘ಯೆಸ್’ ಪದದ ಮುಂದೆ ಜೆ-ಇ-ಎಸ್ ಎಂದು ಕಂಡಾಗ ಬಾಯಿ ತಾನಾಗಿ ‘ಜೆಸ್’ ಅನ್ನುತ್ತದೆ. ‘ಮ್ಯೂಸಿಕ್’, ‘ಫ್ಯೂ’, ‘ಯೂನಿಟ್’ ಎಲ್ಲದರಲ್ಲೂ ಈ ಜೆ ಬರುತ್ತದೆ. ಮೊದಲ ವಾರದಲ್ಲಿ ಅತಿ ಹೆಚ್ಚು ಬಾರಿ ಎಡವಿಸುವುದು ಇದೊಂದೇ. ಅದನ್ನು ಕಂಡಲ್ಲೆಲ್ಲ ಪೆನ್ಸಿಲಿನಿಂದ ಕನ್ನಡದ ‘ಯ’ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ.

ಉಳಿದ 7 ಹೊಸ ಆಕಾರಗಳು. ಎಳೆದು ಉದ್ದ ಮಾಡಿದ ‘ಎಸ್’ ಅಂದರೆ ‘ಶ’. ಟಿ ಜೊತೆ ಆ ಉದ್ದ ಎಸ್ ಬಂದರೆ ‘ಚ’. ಮೇಲ್ಗಡೆ ಚಪ್ಪಟೆಯಾಗಿ, ಸಾಲಿನಿಂದ ಕೆಳಗಿಳಿದ ಅಂಕಿ 3ರಂತಹ ಚಿಹ್ನೆ ‘ವಿಷನ್’, ‘ಮೆಷರ್’, ‘ಪ್ಲೆಷರ್’ ಪದಗಳ ನಡುವಿನ ದನಿ. ಕನ್ನಡದಲ್ಲಿ ಇದಕ್ಕೆ ಅಕ್ಷರವಿಲ್ಲ, ‘ಶ’ ಎನ್ನುತ್ತಲೇ ಗಂಟಲನ್ನು ಕಂಪಿಸಿದರೆ ಬರುತ್ತದೆ. ಡಿ ಜೊತೆ ಅದೇ 3 ಸೇರಿದರೆ ‘ಜ’. ನಡುವೆ ಅಡ್ಡಗೆರೆಯಿರುವ ಮೊಟ್ಟೆಯಾಕಾರ ‘ಥಿಂಕ್’ನ ಮೊದಲ ದನಿ. ಬಾಗಿದ ಬೆನ್ನಿಗೆ ಗೀಟು ಹಾಕಿದ ‘ಡಿ’ಯಂತಹದು ‘ದಿಸ್’ನ ಮೊದಲ ದನಿ. ಬಲಗಾಲಿಗೆ ಕೊಕ್ಕೆಯಿರುವ ‘ಎನ್’ ನಮ್ಮ ‘ಙ’.

‘ಙ’ ಕಂಡಾಗ ಖುಷಿಯಾಗುತ್ತದೆ. ವರ್ಣಮಾಲೆಯಲ್ಲಿ ಕಲಿತು ಮತ್ತೆಂದೂ ಬರೆಯದ ಆ ಅಕ್ಷರ ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತದೆ. ‘ಸಿಂಗ್’ ಎಂದು ನಾವು ಬರೆಯುವ ಪದ ನಿಜವಾಗಿ ‘ಸಿಙ್’. ಕೊನೆಯಲ್ಲಿ ‘ಗ’ ಇಲ್ಲ. ‘ಹಾಡುವವರು’ ಎಂಬರ್ಥದ ‘ಸಿಂಗರ್’ನಲ್ಲೂ ಇಲ್ಲ. ಬೆರಳು ಎಂಬರ್ಥದ ‘ಫಿಂಗರ್’ನಲ್ಲಿ ಮಾತ್ರ ಕೊಕ್ಕೆಯ ಎನ್ ಆದಮೇಲೆ ‘ಜಿ’ಯೂ ಇದೆ. ನಮ್ಮ ‘ಅಂಗಡಿ’ಯಲ್ಲಿ ‘ಙ’ ಮತ್ತು ‘ಗ’ ಯಾವಾಗಲೂ ಜೋಡಿಯಾಗಿ ಬರುವುದರಿಂದ ಅವೆರಡನ್ನೂ ಬಿಡಿಸಬಹುದು ಎಂಬುದೇ ಕಿವಿಗೆ ಹೊಳೆಯುವುದಿಲ್ಲ, ಚಿಹ್ನೆ ಹೊಳೆಸುತ್ತದೆ.

ವರ್ಣಮಾಲೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಧ್ವನಿ ಸಂಘದ ವ್ಯಂಜನಗಳ ಕೋಷ್ಟಕ ಎಡದಲ್ಲಿ ತುಟಿಯಿಂದ ಶುರುವಾಗಿ ಬಲಕ್ಕೆ ಗಂಟಲಿನತ್ತ ಹೋಗುತ್ತದೆ. ನಮ್ಮ ವರ್ಗೀಯ ವ್ಯಂಜನಗಳು ಗಂಟಲ ಕಡೆಯ ಕ-ವರ್ಗದಿಂದ ಹೊರಟು ತುಟಿಯ ಪ-ವರ್ಗಕ್ಕೆ ಬರುತ್ತವೆ. ದಾರಿ ಅದೇ, ದಿಕ್ಕು ಮಾತ್ರ ಉಲ್ಟಾ. ಘೋಷ (ಗಂಟಲು ಕಂಪಿಸುವ ದನಿ), ಅಘೋಷ (ಕಂಪಿಸದ ದನಿ), ಅನುನಾಸಿಕ ಎಂಬ ವಿಂಗಡಣೆ ಎರಡರಲ್ಲೂ ಇದೆ. ಕನ್ನಡ ಓದಬಲ್ಲವರು ಈ ನಕ್ಷೆಯನ್ನು ಆಗಲೇ ತಲೆಯಲ್ಲಿ ಇಟ್ಟುಕೊಂಡಿದ್ದಾರೆ. ಚಿಹ್ನೆ ಕಂಡಾಗ ‘ಇದು ಯಾವ ಅಕ್ಷರ’ ಎಂದು ಕೇಳುವ ಬದಲು ‘ನಾಲಿಗೆ ಎಲ್ಲಿರಬೇಕು, ಗಾಳಿ ನಿಲ್ಲಬೇಕೋ ಹರಿಯಬೇಕೋ’ ಎಂದು ಕೇಳಿಕೊಂಡರೆ ಸಾಕು.

ಗಾಳಿ ನಿಲ್ಲುತ್ತದೋ ಹರಿಯುತ್ತದೋ ಎಂಬುದಕ್ಕೆ ಸುಲಭದ ಪರೀಕ್ಷೆ ಇದೆ: ಆ ದನಿಯನ್ನು ಮೂರು ಸೆಕೆಂಡು ಎಳೆಯಲು ಬರುತ್ತದೆಯೇ? ‘ಸ್‌ಸ್‌ಸ್’ ಎಂದು ಎಳೆಯಬಹುದು. ‘ಥ’ವನ್ನು ಎಳೆಯಲಾಗದು, ನಾಲಿಗೆ ಹಲ್ಲಿಗೆ ಅಂಟಿ ಗಾಳಿಯನ್ನು ತಡೆದು ಬಿಟ್ಟುಬಿಡುತ್ತದೆ. ಗೆರೆಯಿರುವ ಮೊಟ್ಟೆಯ ದನಿಯನ್ನು ಎಳೆಯಲು ಬರಬೇಕು. ನಾಲಿಗೆಯ ತುದಿ ಮೇಲಿನ ಹಲ್ಲನ್ನು ಹಗುರವಾಗಿ ಮುಟ್ಟಿರಬೇಕು, ನಡುವಿನ ಸಂದಿಯಿಂದ ಗಾಳಿ ಸೋರುತ್ತಿರಬೇಕು. ‘ಎಫ್’ಗೂ ಇದೇ ಪರೀಕ್ಷೆ: ‘ಫಲ’ ಎಂದು ಮಹಾಪ್ರಾಣವಾಗಿ ಹೇಳಿದರೆ ತುಟಿಗಳು ಮುಚ್ಚಿ ತೆರೆಯುತ್ತವೆ, ಎಳೆಯಲು ಬಾರದು, ‘ಎಫ್’ನಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಹರಿಯುತ್ತಲೇ ಇರುತ್ತದೆ. ‘ಝಡ್’ ಮತ್ತು ‘ಜ’ ನಡುವಿನ ವ್ಯತ್ಯಾಸವೂ ಇದೇ. ಈ ಒಂದು ಪರೀಕ್ಷೆ ಕನ್ನಡ ಬಾಯಿಗೆ ಕಷ್ಟವಾಗುವ ಐದು ದನಿಗಳನ್ನು ಬೇರ್ಪಡಿಸಿಕೊಡುತ್ತದೆ.

‘ವಿ’ ಮತ್ತು ‘ಡಬ್ಲ್ಯೂ’ ಬೇರೆ ಬಗೆಯ ತೊಡಕು. ಕನ್ನಡದ ‘ವ’ ಇವೆರಡರ ನಡುವೆ ಎಲ್ಲೋ ಇದೆ, ಹಾಗಾಗಿ ‘ವೆಸ್ಟ್’ ಎಂದರೆ ಒಳಅಂಗಿಯೋ ಪಶ್ಚಿಮವೋ ತಿಳಿಯದು. ಕನ್ನಡಿ ಹಿಡಿದು ನೋಡಿ: ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಯ ಮೇಲೆ ಕಾಣಬೇಕು. ಡಬ್ಲ್ಯೂ ಹೇಳುವಾಗ ಹಲ್ಲು ಕಾಣಬಾರದು, ಎರಡೂ ತುಟಿ ದುಂಡಾಗಿ ಮುಂದೆ ಬರಬೇಕು, ‘ಉ’ ಹೇಳಲು ಹೊರಟವರಂತೆ. ಟಿ ಮತ್ತು ಡಿ ಬಗ್ಗೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಅವು ನಮ್ಮ ‘ತ’ ಮತ್ತು ‘ಟ’ಗಳ ನಡುವೆ, ಮೇಲಿನ ಹಲ್ಲುಗಳ ಹಿಂದಿನ ದಿಂಡಿನ ಮೇಲೆ ಹುಟ್ಟುತ್ತವೆ. ‘ಟ’ ಎಂದರೂ ಕೇಳುವವರಿಗೆ ಅರ್ಥವಾಗುತ್ತದೆ. ಇದನ್ನು ಕೊನೆಗೆ ಬಿಡಬಹುದು.

ಆದರೆ ಓರೆಗೆರೆಗಳ ನಡುವೆ ಕಾಣದೇ ಇರುವ ಒಂದು ಸಂಗತಿ ಮುಖ್ಯ. ಪಿ, ಟಿ, ಕೆ ಒತ್ತುಳ್ಳ ಉಚ್ಚಾರಾಂಶದ (ಪದದ ತುಂಡಿನ) ಮೊದಲಲ್ಲಿ ಬಂದರೆ ಇಂಗ್ಲಿಷಿನವರು ಅವನ್ನು ಉಸಿರು ಸೇರಿಸಿ ಮಹಾಪ್ರಾಣದಂತೆ ಹೇಳುತ್ತಾರೆ. ಎಸ್ ಆದಮೇಲೆ ಬಂದರೆ ಆ ಉಸಿರು ಇರುವುದಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಿನ್’, ‘ಸ್ಪಿನ್’ ಕೇಳಿದಂತೆಯೇ ಹೇಳಿ ನೋಡಿ. ಮೊದಲನೆಯದರಲ್ಲಿ ಗಾಳಿ ಬಡಿಯಬೇಕು. ನಾವು ಅಲ್ಪಪ್ರಾಣದ ‘ಪ’ ಹಾಕಿದಾಗ ಅವರ ಕಿವಿಗೆ ‘ಪಿನ್’ ಎಂಬುದು ‘ಬಿನ್’ ಎಂದು ಕೇಳುವುದುಂಟು. ಓರೆಗೆರೆಗಳು ಅರ್ಥ ಬದಲಿಸುವ ದನಿಗಳನ್ನಷ್ಟೇ ದಾಖಲಿಸುತ್ತವೆ. ಇಂಗ್ಲಿಷಿನಲ್ಲಿ ಉಸಿರಿನಿಂದ ಅರ್ಥ ಬದಲಾಗುವುದಿಲ್ಲ, ಆದ್ದರಿಂದ ಅದನ್ನು ಬರೆಯುವುದಿಲ್ಲ. ಭಾಷಾಶಾಸ್ತ್ರದ ಪುಸ್ತಕಗಳು ಚೌಕ ಆವರಣ ಹಾಕಿ ಬರೆಯುವಾಗ ಮಾತ್ರ ಪಿ ತಲೆಯ ಪಕ್ಕ ಒಂದು ಸಣ್ಣ ‘ಎಚ್’ ಕಾಣುತ್ತದೆ. ಓರೆಗೆರೆ ಯಾವುದು, ಚೌಕ ಆವರಣ ಯಾವುದು ಎಂಬ ವ್ಯತ್ಯಾಸ ತಿಳಿದಿರಬೇಕಾದ್ದು ಇದಕ್ಕೆ.

ಇನ್ನು ಸ್ವರಗಳು. 12 ಒಂಟಿಸ್ವರಗಳಲ್ಲಿ 5ರ ಪಕ್ಕ ಒಂದರ ಮೇಲೊಂದು ಎರಡು ಚುಕ್ಕೆ ಇರುತ್ತವೆ, ಅವು ದೀರ್ಘ, 7 ಹ್ರಸ್ವ. ‘ಶಿಪ್’ (ಹಡಗು), ‘ಶೀಪ್’ (ಕುರಿ) ಇವನ್ನು ನಾವು ‘ಇ-ಈ’ ಎಂದು ತಕ್ಷಣ ಹಿಡಿಯುತ್ತೇವೆ, ಅರ್ಧ ಸರಿಯಾಗಿಯೇ ಹಿಡಿಯುತ್ತೇವೆ. ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ಇಂಗ್ಲಿಷ್ ಉಚ್ಚಾರಣಾ ನಿಘಂಟಿನಲ್ಲೂ ಎರಡಕ್ಕೂ ಒಂದೇ ‘ಐ’ ಇತ್ತು, ಚುಕ್ಕೆಗಳು ಮಾತ್ರ ಹೆಚ್ಚುಕಡಿಮೆ. 1977ರ 14ನೇ ಆವೃತ್ತಿಯಲ್ಲಿ ಎ.ಸಿ. ಗಿಮ್ಸನ್ ಇದನ್ನು ಬದಲಿಸಿದರು: ‘ಶೀಪ್’ಗೆ ಚುಕ್ಕೆಯಿರುವ ಸಣ್ಣ ‘ಐ’ ಮತ್ತು ಎರಡು ಚುಕ್ಕೆ, ‘ಶಿಪ್’ಗೆ ಗಾತ್ರ ಕುಗ್ಗಿಸಿದ ದೊಡ್ಡಕ್ಷರದ ‘ಐ’. ಯಾಕೆಂದರೆ ವ್ಯತ್ಯಾಸ ಉದ್ದದಲ್ಲಷ್ಟೇ ಅಲ್ಲ, ನಾಲಿಗೆಯ ಜಾಗದಲ್ಲೂ ಇದೆ. ‘ಶಿಪ್’ನ ಸ್ವರದಲ್ಲಿ ನಾಲಿಗೆ ಸಡಿಲ, ಕನ್ನಡದ ‘ಇ’ಗಿಂತ ಸ್ವಲ್ಪ ಕೆಳಗೆ, ‘ಎ’ಯತ್ತ ವಾಲಿದಂತೆ. ಕನ್ನಡದ ‘ಈ’ಯನ್ನು ಗಿಡ್ಡ ಮಾಡಿದರೆ ಅದು ಬರುವುದಿಲ್ಲ. ‘ಫುಲ್’, ‘ಫೂಲ್’ ನಡುವೆಯೂ ಹೀಗೆಯೇ. ಲಾಳದಂತೆ ಎರಡೂ ಬದಿ ಬಾಗಿದ ‘ಯು’ ಸಡಿಲವಾದ ಹ್ರಸ್ವಕ್ಕೆ, ಮಾಮೂಲಿ ‘ಯು’ ಜೊತೆ ಎರಡು ಚುಕ್ಕೆ ಬಿಗಿಯಾದ ದೀರ್ಘಕ್ಕೆ. ಹಳೆಯ ಪುಸ್ತಕವೊಂದರಲ್ಲಿ ಚಿಹ್ನೆ ಬೇರೆಯಾಗಿ ಕಂಡರೆ ಗಾಬರಿಬೇಡ, ಅದು 1977ಕ್ಕೆ ಮುಂಚಿನ ಪದ್ಧತಿಯಿರಬಹುದು.

ಇಂಗ್ಲಿಷಿನ ‘ಎ’ ಮತ್ತು ‘ಇ’ ಅಕ್ಷರಗಳನ್ನು ಬೆಸೆದ ಚಿಹ್ನೆ ‘ಬ್ಯಾಡ್’, ‘ಮ್ಯಾನ್’ ಪದಗಳದು. ‘ಬ್ಯಾ’ ಎಂದು ಬರೆದ ಕೂಡಲೇ ಒಳಗೊಂದು ‘ಯ’ ನುಸುಳುತ್ತದೆ. ಚಿಹ್ನೆಯಲ್ಲಿ ಜೆ ಇಲ್ಲ ಎಂಬುದನ್ನು ನೋಡಿ. ‘ಬೇಡ’ವನ್ನು ಆಡುಮಾತಿನಲ್ಲಿ ‘ಬ್ಯಾಡ’ ಅನ್ನುವವರ ಬಾಯಲ್ಲಿ ಬರುವ ಸ್ವರ ಇದಕ್ಕೆ ತೀರ ಹತ್ತಿರ. ಅದನ್ನು ತುಸು ಗಿಡ್ಡ ಮಾಡಿದರೆ ಸರಿಹೋಯಿತು. ನಾವು ಹಳ್ಳಿಯ ಮಾತು ಎಂದು ತಿದ್ದುವ ದನಿಯೇ ಇಲ್ಲಿ ಗುರುವಾಗುತ್ತದೆ.

ಆರಂಭದಲ್ಲಿ ಹೇಳಿದ ಮೂರು ‘ಕಾ’ಗಳು: ಮಂಚದ ‘ಕಾಟ್’ನದು ಹ್ರಸ್ವ, ತುಟಿ ತುಸು ದುಂಡು; ಕೈಬರಹದ ಸಣ್ಣ ‘ಎ’ಯನ್ನು ತಿರುಗಿಸಿಟ್ಟಂತಹ ಚಿಹ್ನೆ. ‘ಆಫೀಸ್’, ‘ಡಾಕ್ಟರ್’, ‘ಕಾಫಿ’ ಎಂದು ನಾವು ‘ಆ’ ಹಾಕುವ ಪದಗಳಲ್ಲೆಲ್ಲ ಇರುವುದು ಇದೇ ಹ್ರಸ್ವ. ‘ಹಿಡಿದ’ ಎಂಬ ‘ಕಾಟ್’ನದು ಎಡಕ್ಕೆ ಬಾಯ್ತೆರೆದ ‘ಸಿ’ ಮತ್ತು ಎರಡು ಚುಕ್ಕೆ. ದೀರ್ಘ, ತುಟಿ ಹೆಚ್ಚು ದುಂಡು, ‘ಆ’ ಮತ್ತು ‘ಓ’ ನಡುವಿನದು. ‘ಕಾರ್ಟ್’ನದು ಕೈಬರಹದ ‘ಎ’ ಮತ್ತು ಎರಡು ಚುಕ್ಕೆ. ಇದೇ ನಮ್ಮ ‘ಆ’ಗೆ ಹತ್ತಿರ, ಬ್ರಿಟಿಷ್ ಮಾದರಿಯಲ್ಲಿ ಅದರ ‘ಆರ್’ ಕೇಳುವುದೇ ಇಲ್ಲ. ‘ಹಾಟ್’ ಮತ್ತು ‘ಹಾರ್ಟ್’ ಬೇರೆಯಾಗುವುದು ಆರ್‌ನಿಂದಲ್ಲ, ಸ್ವರದಿಂದ ಎಂಬುದು ಚಿಹ್ನೆ ನೋಡಿದ ಮೇಲೆಯೇ ಮನದಟ್ಟಾಗುತ್ತದೆ. ಅಮೆರಿಕನ್ ಸಾಲಿನಲ್ಲಿ ಲೆಕ್ಕ ಬೇರೆ: ಅಲ್ಲಿ ಆರ್ ಇರುತ್ತದೆ, ‘ಹಾಟ್’ಗೂ ಕೈಬರಹದ ‘ಎ’ ಬರುತ್ತದೆ.

‘ಬರ್ಡ್’, ‘ವರ್ಡ್’, ‘ಅರ್ಲಿ’, ‘ಜರ್ನಿ’ ಪದಗಳ ಸ್ವರಕ್ಕೆ ದುಂಡಗಿನ ಅಂಕಿ 3ರಂತಹ ಚಿಹ್ನೆ, ಪಕ್ಕದಲ್ಲಿ ಎರಡು ಚುಕ್ಕೆ. ಹಿಂದೆ ಹೇಳಿದ ‘ವಿಷನ್’ನ 3ಕ್ಕೂ ಇದಕ್ಕೂ ಗೊಂದಲವಾಗುವುದು ಖಂಡಿತ. ಇದು ಸಾಲಿನ ಮೇಲೆಯೇ ಕೂರುತ್ತದೆ, ಅದು ಸಾಲಿನ ಕೆಳಗೆ ಬಾಲ ಬಿಡುತ್ತದೆ. ಚುಕ್ಕೆ ಇದ್ದರೆ ಸ್ವರ ಎಂದು ನೆನಪಿಟ್ಟುಕೊಳ್ಳಿ. ತುಟಿ ದುಂಡೂ ಅಲ್ಲ, ಅಗಲವೂ ಅಲ್ಲ, ನಾಲಿಗೆ ಬಾಯಿಯ ನಟ್ಟನಡುವೆ. ಕನ್ನಡದ ‘ಅ’ವನ್ನು ಸ್ವಲ್ಪ ಮೇಲೆತ್ತಿ ಎಳೆದರೆ ಹತ್ತಿರ ಬರುತ್ತದೆ. ನಡಿಗೆಯ ‘ವಾಕ್’, ಕೆಲಸದ ‘ವರ್ಕ್’ ಇವನ್ನು ಬಿಡಿಸುವುದು ಈ ಸ್ವರವೇ.

ಜೋಡಿಸ್ವರಗಳಲ್ಲಿ ಎರಡೇ ನಮಗೆ ತೊಂದರೆ ಕೊಡುವುದು. ‘ಲೇಟ್’ನ ‘ಏ’ ಮತ್ತು ‘ಬೋಟ್’ನ ‘ಓ’. ಕನ್ನಡದ ಏ, ಓ ಶುರುವಾದ ಕಡೆಯೇ ಮುಗಿಯುತ್ತವೆ. ಇಂಗ್ಲಿಷಿನವು ಜಾರುತ್ತವೆ: ಮೊದಲನೆಯದು ಕನ್ನಡದ ‘ಎ’ಯಿಂದ ‘ಇ’ಗೆ, ಎರಡನೆಯದು ತಲೆಕೆಳಗಾದ ‘ಇ’ಯಿಂದ ‘ಉ’ಗೆ. ಎರಡು ಚಿಹ್ನೆ ಒಟ್ಟಿಗೆ ಕಂಡರೆ ಬಾಯಿ ಚಲಿಸಬೇಕು ಎಂದು ಅರ್ಥ. ಉಳಿದ ಆರನ್ನು ಧ್ವನಿಮುದ್ರಣ ಕೇಳುತ್ತ ಎರಡು ದಿನದಲ್ಲಿ ಮುಗಿಸಬಹುದು.

ಈಗ ಆ ತಲೆಕೆಳಗಾದ ‘ಇ’. ಹೆಸರು ‘ಷ್ವಾ’, ಹೀಬ್ರೂ ವ್ಯಾಕರಣದಿಂದ ಬಂದದ್ದು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಾರಿ ಬರುವ ಸ್ವರ ಇದೇ, ಆದರೂ ಇದಕ್ಕೆ ಸ್ವಂತ ಅಕ್ಷರವಿಲ್ಲ. ‘ಅಬೌಟ್’ನಲ್ಲಿ ಅದನ್ನು ‘ಎ’ ಎಂದು ಬರೆಯುತ್ತಾರೆ, ‘ಪ್ರಾಬ್ಲೆಮ್’ನಲ್ಲಿ ‘ಇ’ ಎಂದು, ‘ಡಾಕ್ಟರ್’ನಲ್ಲಿ ‘ಒ’ ಎಂದು, ‘ಸಪೋರ್ಟ್’ನಲ್ಲಿ ‘ಯು’ ಎಂದು, ‘ಫೇಮಸ್’ನಲ್ಲಿ ‘ಒ-ಯು’ ಎಂದು. ಐದು ಬರಹ, ಒಂದೇ ದನಿ. ದನಿ ಏನೂ ಕಷ್ಟವಲ್ಲ, ಕನ್ನಡದ ‘ಅ’ವನ್ನು ಗಮನ ಕೊಡದೆ ಹೇಳಿದ ಹಾಗೆ. ಕಷ್ಟವಿರುವುದು ಆ ಗಮನ ಕೊಡದಿರುವುದರಲ್ಲಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪೂರ್ತಿ ಬೆಲೆ ಕೊಟ್ಟು ರೂಢಿಯಾದ ಬಾಯಿ ಯಾವ ಸ್ವರವನ್ನೂ ಮಸುಕಾಗಿಸಲು ಒಪ್ಪುವುದಿಲ್ಲ.

ಮಸುಕಾಗಿಸದೆ ಒತ್ತು ಬರುವುದಿಲ್ಲ. ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ. ಛಂದಸ್ಸಿನ ಗುರುವೂ ಅಲ್ಲ. ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಎತ್ತರದ ಸ್ಥಾಯಿಯಲ್ಲಿ, ಜೋರಾಗಿ, ತುಸು ಉದ್ದವಾಗಿ, ಸ್ವರ ಮಸುಕಾಗದಂತೆ ಹೇಳುವುದು. ಸಾಲಿನ ಮೇಲ್ಭಾಗದ ನಿಂತ ಗೆರೆ ಮುಖ್ಯ ಒತ್ತು, ಕೆಳಭಾಗದ ನಿಂತ ಗೆರೆ ಎರಡನೆಯ ದರ್ಜೆಯ ಒತ್ತು. ಎರಡೂ ಗೆರೆಗಳು ಒತ್ತು ಬೀಳುವ ಉಚ್ಚಾರಾಂಶ ಆದಮೇಲೆ ಅಲ್ಲ, ಅದಕ್ಕೆ ಮುಂಚೆ ಬರುತ್ತವೆ. ಇದನ್ನು ತಪ್ಪಾಗಿ ಓದಿದರೆ ಇಡೀ ಪದ ತಿರುಗುಮುರುಗಾಗುತ್ತದೆ. ಷ್ವಾ ಮೇಲೆ ಒತ್ತು ಬೀಳುವುದೇ ಇಲ್ಲ. ಬಿದ್ದಂತೆ ಓದಿದ್ದರೆ ಗೆರೆಯನ್ನು ತಪ್ಪು ಕಡೆ ನೋಡಿದ್ದೀರಿ ಎಂದೇ ತಿಳಿಯಿರಿ.

ಒಂದು ಕುಟುಂಬದ ಮೂರು ಪದಗಳನ್ನು ಪಕ್ಕಪಕ್ಕ ಬರೆದುಕೊಂಡು ನೋಡಿ: ‘ಫೋಟೋಗ್ರಾಫ್’, ‘ಫೋಟೋಗ್ರಾಫರ್’, ‘ಫೋಟೋಗ್ರಾಫಿಕ್’. ಕನ್ನಡದಲ್ಲಿ ಬಾಲ ಮಾತ್ರ ಬೇರೆ. ಚಿಹ್ನೆಗಳಲ್ಲಿ ಮೂರೂ ಬೇರೆಯೇ ಪದಗಳು. ಮೊದಲನೆಯದರಲ್ಲಿ ಒತ್ತು ‘ಫೋ’ ಮೇಲೆ, ‘ಟೋ’ ಇರುವಲ್ಲಿ ಷ್ವಾ. ಎರಡನೆಯದರಲ್ಲಿ ಒತ್ತು ಎರಡನೆಯ ಉಚ್ಚಾರಾಂಶಕ್ಕೆ ಜಿಗಿದು ‘ಫ-ಟಾ-ಗ್ರ-ಫ’ ಎಂಬಂತಾಗುತ್ತದೆ. ‘ಟಾ’ ಗಟ್ಟಿ, ಉಳಿದ ಮೂರರಲ್ಲೂ ಷ್ವಾ. ಮೂರನೆಯದರಲ್ಲಿ ಒತ್ತು ‘ಗ್ರ್ಯಾ’ ಮೇಲೆ, ‘ಫೋ’ ಮೇಲೆ ಎರಡನೆಯ ದರ್ಜೆಯದು. ಒತ್ತು ಹೋದಲ್ಲೆಲ್ಲ ಸ್ವರ ಅರಳುತ್ತದೆ, ಒತ್ತು ಬಿಟ್ಟಲ್ಲಿ ಷ್ವಾ ಆಗಿ ಮುದುಡುತ್ತದೆ. ಒತ್ತು ತಪ್ಪಿದ ಪದವನ್ನು ಕೇಳುಗ ಗುರುತಿಸಲಾರದೆ ಹೋಗುತ್ತಾನೆ, ‘ಥ’ಕಾರ ತಪ್ಪಿದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸಮಯ ಕಡಿಮೆ ಇರುವವರು 44 ಚಿಹ್ನೆಗಳಲ್ಲಿ ಮಿಕ್ಕವನ್ನು ಬಿಟ್ಟರೂ ಪರವಾಗಿಲ್ಲ, ನಿಂತ ಗೆರೆ ಮತ್ತು ಷ್ವಾ ಎರಡನ್ನು ಮಾತ್ರ ಬಿಡಬಾರದು.

ನಾವು ಮೊದಲ ಉಚ್ಚಾರಾಂಶಕ್ಕೆ ಒತ್ತು ಕೊಡುವ ‘ಡೆವಲಪ್’ನಲ್ಲಿ ಗೆರೆ ‘ವೆ’ಗೆ ಮುಂಚೆ ಇದೆ. ‘ಹೋಟೆಲ್’, ‘ಈವೆಂಟ್’, ‘ಸಕ್ಸೆಸ್’, ‘ಪರ್ಸೆಂಟ್’ ಇವುಗಳಲ್ಲಿ ಎರಡನೆಯದರ ಮೇಲೆ. ‘ರೆಕಾರ್ಡ್’ ನಾಮಪದವಾದರೆ ಮೊದಲನೆಯದರ ಮೇಲೆ, ಕ್ರಿಯಾಪದವಾದರೆ ಎರಡನೆಯದರ ಮೇಲೆ, ಆಗ ‘ರೆ’ ಹೋಗಿ ‘ರಿ’ ಆಗುತ್ತದೆ. ಒತ್ತಿಲ್ಲದ ಬಾಲಗಳನ್ನೂ ಗುಂಪಾಗಿ ಹಿಡಿಯಬಹುದು: ‘ವಿಲೇಜ್’, ‘ಇಮೇಜ್’, ‘ಡ್ಯಾಮೇಜ್’ ಎಂದು ನಾವು ಎಳೆಯುವ ‘ಏಜ್’ ಮೂರರಲ್ಲೂ ‘ಇಜ್’. ‘ಪ್ರೈವೇಟ್’, ‘ಕ್ಲೈಮೇಟ್’, ‘ಚಾಕೊಲೇಟ್’ ಪದಗಳ ‘ಏಟ್’ ಬರೀ ಷ್ವಾ ಮತ್ತು ಟಿ. ‘ಸರ್ಫೇಸ್’ನ ಕೊನೆ ‘ಫಿಸ್’. ‘ನೆಕ್ಲೇಸ್’ನ ಕೊನೆಯಲ್ಲೂ ಷ್ವಾ. ‘ಡಿಟರ್ಮೈನ್’ನ ಕೊನೆ ‘ಮಿನ್’.

ಕನ್ನಡದ ರೂಢಿ ತಾನಾಗಿ ಸೇರಿಸುವ ದನಿಗಳು ಕೆಲವಿವೆ, ಚಿಹ್ನೆಗಳನ್ನು ಬೆರಳಿಟ್ಟು ಎಣಿಸಿದರೆ ಅವು ಸಿಕ್ಕಿಬೀಳುತ್ತವೆ. ‘ಎಂಟು’ವನ್ನು ‘ಯೆಂಟು’ ಎಂದೂ ‘ಒಂದು’ವನ್ನು ‘ವೊಂದು’ ಎಂದೂ ಹೇಳುವ ಬಾಯಿ ‘ಎಗ್’ನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಮಾಡುತ್ತದೆ. ಸಾಲಿನ ಮೊದಲಲ್ಲಿ ಜೆ ಇಲ್ಲದಿದ್ದರೆ ‘ಯ’ ಇಲ್ಲ. ಕಿವಿ ಎಂಬ ‘ಇಯರ್’ ಮತ್ತು ವರ್ಷ ಎಂಬ ‘ಯಿಯರ್’ ಬೇರೆಯಾಗುವುದು ಆ ಒಂದು ಜೆಯಿಂದ. ‘ಸ್ಕೂಲ್’ ಎಸ್‌ನಿಂದಲೇ ಶುರುವಾಗುತ್ತದೆ, ಮುಂದೆ ‘ಇ’ ಇಲ್ಲ. ‘ಬಸ್ಸು’, ‘ಕಾರು’, ‘ಬುಕ್ಕು’ಗಳ ‘ಉ’ ನಮ್ಮದು. ಚಿಹ್ನೆ ವ್ಯಂಜನದಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಜೋಡಿ ಅಕ್ಷರ ಕಂಡ ಕೂಡಲೇ ನಾವು ದ್ವಿತ್ವ ಮಾಡುತ್ತೇವೆ: ‘ಹ್ಯಾಪ್ಪಿ’, ‘ಸಮ್ಮರ್’, ‘ಕಮ್ಮಿಟಿ’. ಕನ್ನಡದಲ್ಲಿ ‘ಕತೆ’ ಮತ್ತು ‘ಕತ್ತೆ’ ಬೇರೆಯಾದ್ದರಿಂದ ನಮಗೆ ಅದು ಸಹಜ. ಇಂಗ್ಲಿಷಿನಲ್ಲಿ ಬರಹದ ಎರಡು ಪಿಗೆ ಸಾಲಿನೊಳಗೆ ಒಂದೇ ಪಿ. ಎರಡು ಪದಭಾಗಗಳು ಕೂಡುವ ಕಡೆ ಮಾತ್ರ ನಿಜವಾದ ದ್ವಿತ್ವ ಉಳಿಯುತ್ತದೆ, ‘ಹೆಸರಿಲ್ಲದ’ ಎಂಬರ್ಥದ ‘ಅನ್‌ನೇಮ್ಡ್’ನಲ್ಲಿ ಎರಡು ಎನ್ ಕಾಣುವ ಹಾಗೆ.

ಅಭ್ಯಾಸದ ಲೆಕ್ಕ ಹೀಗಿತ್ತು. 44ರಲ್ಲಿ 16 ಬಿಟ್ಟರೆ 28 ಉಳಿಯುತ್ತವೆ. ದಿನಕ್ಕೆ 4ರಂತೆ 7 ದಿನ. ಪ್ರತಿ ಚಿಹ್ನೆಗೂ ಕೈಯಲ್ಲಿ ಬರೆದ ಆಕಾರ, ಮೂರು ಪದ, ನಾಲಿಗೆ-ತುಟಿಯ ಜಾಗ ಹೇಳುವ ಒಂದು ಸಾಲು. ಆ ಸಾಲನ್ನು ಕನ್ನಡದಲ್ಲಿ ಬರೆಯಬೇಕು, ಆದರೆ ಚಿಹ್ನೆಗೆ ಸಮನಾದ ಕನ್ನಡ ಅಕ್ಷರ ಎಂದು ಒಂದನ್ನು ಬರೆದಿಡಬಾರದು. ಬರೆದಿಟ್ಟರೆ ಕಣ್ಣು ಅದನ್ನೇ ಓದುತ್ತದೆ, ಚಿಹ್ನೆಯನ್ನು ನೋಡುವುದಿಲ್ಲ. ‘ಯ’ ಒಂದಕ್ಕೆ ಮಾತ್ರ ವಿನಾಯಿತಿ. ಎಂಟನೆಯ ದಿನದಿಂದ ದಿನಕ್ಕೆ 10 ಪದ. ಮೊದಲು ಚಿಹ್ನೆ ಓದಿ ಗಟ್ಟಿಯಾಗಿ ಹೇಳಬೇಕು, ಆಮೇಲೆ ಧ್ವನಿ ಒತ್ತಿ ಕೇಳಬೇಕು. ಮೊದಲೇ ಕೇಳಿಬಿಟ್ಟರೆ ಕಿವಿ ತನಗೆ ಗೊತ್ತಿರುವ ಕನ್ನಡ ದನಿಗೆ ಅದನ್ನು ಹೊಂದಿಸಿಬಿಡುತ್ತದೆ, ಚಿಹ್ನೆ ಕಲಿತದ್ದು ವ್ಯರ್ಥ. ಮೂರನೆಯ ವಾರದಲ್ಲಿ ತಿರುಗಿಸಬೇಕು: ನಿಘಂಟು ಮುಚ್ಚಿ, ಧ್ವನಿ ಮಾತ್ರ ಕೇಳಿ ಚಿಹ್ನೆಗಳಲ್ಲಿ ಬರೆದು, ತೆರೆದು ಹೋಲಿಸುವುದು. ತಪ್ಪುಗಳನ್ನು ಮೂರು ಕಂಬಗಳಲ್ಲಿ ಹಾಕಿದರೆ ಯಾವುದು ದುರ್ಬಲ ಎಂದು ತಿಳಿಯುತ್ತದೆ: ಸ್ವರ, ವ್ಯಂಜನ, ಒತ್ತು. ಬಹುಪಾಲು ತಪ್ಪುಗಳು ಸ್ವರದ ಕಂಬಕ್ಕೆ ಹೋದವು, ಅವುಗಳಲ್ಲೂ ಷ್ವಾ ಇರಬೇಕಾದಲ್ಲಿ ಬರಹದ ಸ್ವರವನ್ನೇ ಬರೆದವು.

ನಿಘಂಟಿನ ಕೆಲವು ಸಣ್ಣ ಗುರುತುಗಳನ್ನೂ ತಿಳಿದಿರಬೇಕು. ಪದದ ಕೊನೆಯಲ್ಲಿ ಆವರಣದೊಳಗೆ ಅಥವಾ ತಲೆಯೆತ್ತರದಲ್ಲಿ ಸಣ್ಣದಾಗಿ ‘ಆರ್’ ಇದ್ದರೆ, ಮುಂದಿನ ಪದ ಸ್ವರದಿಂದ ಶುರುವಾದಾಗ ಮಾತ್ರ ಅದನ್ನು ಹೇಳಬೇಕು. ಎಲ್ ಅಥವಾ ಎನ್ ಕೆಳಗೆ ಸಣ್ಣ ನಿಂತ ಗೆರೆ ಇದ್ದರೆ ಆ ವ್ಯಂಜನವೇ ಸ್ವರವಿಲ್ಲದೆ ಒಂದು ಉಚ್ಚಾರಾಂಶವಾಗುತ್ತದೆ, ‘ಬಾಟ್ಲ್’, ‘ಬಟ್ನ್’ ಎಂಬಂತೆ. ‘ಹ್ಯಾಪಿ’ಯ ಕೊನೆಯ ‘ಐ’ಗೆ ಚುಕ್ಕೆಗಳಿಲ್ಲ, ಆಕಾರ ದೀರ್ಘದ್ದು, ಅಳತೆ ಹ್ರಸ್ವದ್ದು. ಕೇಂಬ್ರಿಜ್‌ನ ಅಮೆರಿಕನ್ ಸಾಲಿನಲ್ಲಿ ಟಿ ಕೆಳಗೆ ಸಣ್ಣ ‘ವಿ’ಯಂತಹ ಗುರುತಿದ್ದರೆ ಅದನ್ನು ‘ಡ’ಕಾರದಂತೆ ಹಗುರವಾಗಿ ತಟ್ಟಿ ಹೇಳುತ್ತಾರೆ, ‘ವಾಟರ್’ನಲ್ಲಿ ಆಗುವ ಹಾಗೆ. ಕಂಪ್ಯೂಟರಿನಲ್ಲಿ ಬರೆಯುವವರು ದೀರ್ಘದ ಎರಡು ಚುಕ್ಕೆಗೆ ವಿವರಣ ಚಿಹ್ನೆಯನ್ನೂ ಒತ್ತಿನ ಗೆರೆಗೆ ಉದ್ಧರಣ ಚಿಹ್ನೆಯನ್ನೂ ಒತ್ತಿಬಿಡುತ್ತಾರೆ. ಕಣ್ಣಿಗೆ ಒಂದೇ ಥರ ಕಂಡರೂ ಹುಡುಕುವಾಗ ಸಿಗುವುದಿಲ್ಲ.

ಬಹುವಚನದ ಎಸ್, ಭೂತಕಾಲದ ಇ-ಡಿ ಇವನ್ನು ನಿಘಂಟು ಪ್ರತಿ ಪದಕ್ಕೂ ಬರೆಯುವುದಿಲ್ಲ, ನಿಯಮ ತಿಳಿದಿರಬೇಕು. ಘೋಷ-ಅಘೋಷ ಗೊತ್ತಿರುವವರಿಗೆ ಇದು ನೀರು ಕುಡಿದಷ್ಟು ಸುಲಭ. ಅಘೋಷದ ನಂತರ ಅಘೋಷ: ‘ಕ್ಯಾಟ್ಸ್’ನಲ್ಲಿ ಎಸ್, ‘ವಾಕ್ಡ್’ ಎಂದು ಬರೆಯುವ ಪದದ ಕೊನೆಯಲ್ಲಿ ನಿಜವಾಗಿ ಟಿ. ಘೋಷದ ನಂತರ ಘೋಷ: ‘ಡಾಗ್ಸ್’ನ ಕೊನೆಯಲ್ಲಿ ಝಡ್, ‘ಪ್ಲೇಡ್’ನ ಕೊನೆಯಲ್ಲಿ ಡಿ. ಸ-ಶ-ಚ-ಜ ಜಾತಿಯ ದನಿಗಳಾದ ಮೇಲೆ ‘ಇಜ಼್’, ಟಿ-ಡಿ ಆದಮೇಲೆ ‘ಇಡ್’.

ಕೊನೆಗೆ, ಬಿಡಿ ಪದದಿಂದ ವಾಕ್ಯಕ್ಕೆ ಹೋದಾಗ ಆಗುವ ಬದಲಾವಣೆ. ‘ಕ್ಯಾನ್’, ‘ಫ್ರಮ್’, ‘ಆಫ್’ ಎಂದು ಬರೆಯುವ ‘ಒ-ಎಫ್’, ‘ಟು’, ‘ಆ್ಯಂಡ್’ ಇಂತಹ ಸಣ್ಣ ಪದಗಳಿಗೆ ನಿಘಂಟು ಎರಡು ಸಾಲು ಕೊಡುತ್ತದೆ, ಒಂದು ದುರ್ಬಲ ರೂಪ, ಇನ್ನೊಂದು ಪ್ರಬಲ ರೂಪ. ವಾಕ್ಯದೊಳಗೆ ಸಾಮಾನ್ಯವಾಗಿ ಬಳಕೆಯಾಗುವುದು ಷ್ವಾ ಇರುವ ದುರ್ಬಲ ರೂಪವೇ. ‘ಮಾಡಬಲ್ಲೆ’ ಎನ್ನಲು ‘ಕ್ಯಾನ್’ ಅನ್ನು ಗಟ್ಟಿಯಾಗಿ ಒತ್ತಿ ಹೇಳಿದರೆ ಕೇಳುವವರು ಅದನ್ನು ‘ಕಾಂಟ್’ ಎಂದು ತಿಳಿದು ಅರ್ಥ ತಲೆಕೆಳಗಾಗುವ ಅಪಾಯ ನಿಜಕ್ಕೂ ಇದೆ. ಪದ ಪದ ಕೂಡುವಾಗ ಆಗುವುದನ್ನು ಓರೆಗೆರೆಗಳು ತೋರಿಸುವುದಿಲ್ಲ, ಆದರೆ ಸಂಧಿ ಕಲಿತವರಿಗೆ ಅದು ಹೊಸದಲ್ಲ. ‘ಟೆನ್ ಬಾಯ್ಸ್’ ವೇಗದಲ್ಲಿ ‘ಟೆಮ್ ಬಾಯ್ಸ್’ ಆಗುತ್ತದೆ, ಎನ್ ತನ್ನ ಮುಂದಿನ ತುಟಿಯ ದನಿಗೆ ಒಲಿದು ಎಂ ಆಗುತ್ತದೆ. ‘ಫಾರ್ ಅವೇ’ಯಲ್ಲಿ ಬಿಡಿಯಾಗಿದ್ದಾಗ ಕೇಳದ ಆರ್ ಮರಳುತ್ತದೆ. ‘ಲಾ ಅಂಡ್ ಆರ್ಡರ್’ ಎನ್ನುವಾಗ ಬ್ರಿಟಿಷರಲ್ಲಿ ಅನೇಕರು ‘ಲಾ’ ಆದಮೇಲೆ ಬರಹದಲ್ಲೂ ಇಲ್ಲದ, ನಿಘಂಟಿನಲ್ಲೂ ಇಲ್ಲದ ಒಂದು ಆರ್ ಸೇರಿಸುತ್ತಾರೆ. ‘ಮನೆ’ ಮತ್ತು ‘ಅಲ್ಲಿ’ ಕೂಡುವಾಗ ನಾವು ನಡುವೆ ‘ಯ’ ತಂದು ‘ಮನೆಯಲ್ಲಿ’ ಎನ್ನುತ್ತೇವಲ್ಲ, ಅದೇ ಆಗಮಸಂಧಿ. ನಮ್ಮಲ್ಲಿ ಯಕಾರ, ಅವರಲ್ಲಿ ರಕಾರ.